ಪಾಠದ ಲೇಖನಿ ಯಾರ ಕೈಯಲ್ಲಿರಬೇಕು?

ನಮ್ಮೂರಿನ ರಾತ್ರಿ ತರಗತಿಯೊಂದರಲ್ಲಿ ಹೋದ ತಿಂಗಳು ನಡೆದ ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕಾಗಿದೆ. ಮಿಲ್ ಕಾರ್ಮಿಕರಿಗೆ ಗ್ರಾಚ್ಯುಯಿಟಿಯ ಲೆಕ್ಕ ಕಲಿಸಲೆಂದು ಅಲ್ಲಿಯ ಉಪಾಧ್ಯಾಯರು ಗೂಗಲ್ ಸ್ಲೈಡ್ಸ್‌ನಲ್ಲಿ ಪಾಠ ಸಿದ್ಧಪಡಿಸಿ, ಅದರ ಲಿಂಕನ್ನು ಎಲ್ಲರ ಫೋನಿಗೂ ಕಳುಹಿಸಿದ್ದರು. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಇದು ಕಾನೂನಿನ ಲೆಕ್ಕ. ತಿಂಗಳಿಗೆ 30 ದಿನವಲ್ಲವೇ, ಮೇಷ್ಟ್ರು ತಪ್ಪಿದ್ದಾರೆಂದು ಬಗೆದ ವಿದ್ಯಾರ್ಥಿಯೊಬ್ಬ 26ನ್ನು ಅಳಿಸಿ 30 ಎಂದು ತಿದ್ದಿದ. ತಿದ್ದಿದ್ದು ಒಬ್ಬ, ಬದಲಾದದ್ದು ಎಲ್ಲರ ಪಾಠ. ಲೆಕ್ಕಕ್ಕೆ ಹಿಡಿಯುವ ಸಂಬಳ 13,000 ರೂಪಾಯಿ, ಸೇವೆ 20 ವರ್ಷವೆಂದಿಟ್ಟುಕೊಳ್ಳಿ. ಸರಿಯಾದ ಲೆಕ್ಕದಲ್ಲಿ ಬರಬೇಕಾದದ್ದು 1,50,000. ತಿದ್ದಿದ ಲೆಕ್ಕದಲ್ಲಿ 1,30,000. ಯಾವ ಮಾಲೀಕನೂ ಕೈ ಹಾಕದೆಯೇ 20,000 ರೂಪಾಯಿ ಮಾಯ! ನಿವೃತ್ತಿಗೆ ಹತ್ತಿರವಿದ್ದ ಹಿರಿಯರೊಬ್ಬರು ಅದನ್ನೇ ನಂಬಿ ಚೀಟಿಯಲ್ಲಿ ಬರೆದುಕೊಂಡು ಮನೆಗೆ ಹೋದರು.

ನಾವು ಆ ಹುಡುಗನನ್ನು ದೂರುವುದಿಲ್ಲ. ಸಂದೇಹ ಬಂದದ್ದು ಅವನ ಬುದ್ಧಿಯ ಲಕ್ಷಣ. ತಪ್ಪು ಲಿಂಕ್ ಕೊಟ್ಟ ರೀತಿಯಲ್ಲಿತ್ತು. ಅಂಗಡಿಯವನು ಗಿರಾಕಿಗೆ ಖಾತೆ ಪುಸ್ತಕ ತೋರಿಸುತ್ತಾನೆ, ತೋರಿಸಲೇಬೇಕು. ಲೇಖನಿಯನ್ನೂ ಅವನ ಕೈಗೆ ಕೊಡುತ್ತಾನೆಯೇ? ಗೂಗಲ್‌ನ ವ್ಯವಸ್ಥೆಯಲ್ಲಿ ಲಿಂಕ್ ಪಡೆದವರಿಗೆ ಮೂರು ಬಗೆಯ ಅಧಿಕಾರ ಕೊಡಬಹುದು. ವ್ಯೂವರ್ ಆದವನು ಓದಬಹುದು. ಕಾಮೆಂಟರ್ ಆದವನು ಪಕ್ಕದಲ್ಲಿ ಪ್ರಶ್ನೆ ಬರೆಯಬಹುದು. ಎಡಿಟರ್ ಆದವನು ಮೂಲವನ್ನೇ ತಿದ್ದಬಹುದು. ನಮ್ಮ ಉಪಾಧ್ಯಾಯರು ಅವಸರದಲ್ಲಿ ಎಲ್ಲರಿಗೂ ಮೂರನೆಯದನ್ನು ಕೊಟ್ಟಿದ್ದರು. ಎರಡನೆಯದನ್ನು ಕೊಟ್ಟಿದ್ದರೆ, "26 ಏಕೆ, 30 ಏಕಲ್ಲ?" ಎಂದು ಹುಡುಗ ಕೇಳುತ್ತಿದ್ದ, ಉತ್ತರ ಇಡೀ ತರಗತಿಗೆ ಸಿಗುತ್ತಿತ್ತು.

ಪವರ್‌ಪಾಯಿಂಟ್ ಬಳಸುವವರಿಗೂ ಒಂದು ಮಾತು. ಅದರಲ್ಲಿ 'ಮಾರ್ಕ್ ಆಸ್ ಫೈನಲ್' ಎಂಬುದೊಂದಿದೆ. ಅದು ಬೀಗವಲ್ಲ, ಬಾಗಿಲಿಗೆ ಅಂಟಿಸಿದ ಚೀಟಿ. ಯಾರು ಬೇಕಾದರೂ ಒಂದು ಗುಂಡಿ ಒತ್ತಿ ತಿದ್ದಬಹುದು. ಪಿಡಿಎಫ್ ಮಾಡಿ ಕಳುಹಿಸುವುದು ಮೇಲು. ಅದನ್ನೂ ತಿದ್ದುವ ಸಾಧನಗಳಿವೆಯೆಂಬುದು ನಿಜ, ಆದರೆ ಮೂಲ ನಮ್ಮ ಬಳಿ ಭದ್ರವಾಗಿರುತ್ತದೆ.

ಇದನ್ನು ಕೇಳಿ ಕೆಲವು ಅಧ್ಯಾಪಕರು ಇನ್ನೊಂದು ಅತಿಗೆ ಹೋಗುತ್ತಾರೆ. ಇಳಿಸಿಕೊಳ್ಳುವುದು, ಮುದ್ರಿಸುವುದು, ನಕಲು ಮಾಡುವುದು ಎಲ್ಲಕ್ಕೂ ತಡೆ ಹಾಕಿಬಿಡುತ್ತಾರೆ. ಇದರಿಂದ ಯಾರಿಗೆ ನಷ್ಟ? ಪರದೆಯ ಚಿತ್ರ ತೆಗೆದುಕೊಳ್ಳುವವನನ್ನು ಯಾವ ತಡೆಯೂ ನಿಲ್ಲಿಸದು. ನಿಲ್ಲುವವಳು, ಫೋನಿನ ಡೇಟಾ ಮುಗಿದು, ಮುದ್ರಿಸಿದ ಹಾಳೆಯನ್ನೇ ನಂಬಿದ ಕೂಲಿಕಾರನ ಮಗಳು. ಮೂಲಕ್ಕೆ ಕಾವಲು ಬೇಕು, ವಿದ್ಯೆಗೆ ಬೇಲಿ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ವಿದ್ಯಾರ್ಥಿ ತಿದ್ದಿ ಆಡಿ ಕಲಿಯಬೇಕಾದರೆ ಅದಕ್ಕೂ ದಾರಿಯಿದೆ: ಲಿಂಕಿನ ಕೊನೆಯಲ್ಲಿ 'ಎಡಿಟ್' ಎಂಬ ಇಂಗ್ಲಿಷ್ ಪದದಿಂದ ಮುಂದಿನದನ್ನೆಲ್ಲ ತೆಗೆದು 'ಕಾಪಿ' ಎಂದು ಬರೆದು ಕಳುಹಿಸಿದರೆ, ಗೂಗಲ್ ಖಾತೆಯಿರುವ ಪ್ರತಿಯೊಬ್ಬನಿಗೂ ಅವನದೇ ಪ್ರತಿ ಸಿಗುತ್ತದೆ. ಅಲ್ಲಿ ಅವನು 26ನ್ನು 30 ಮಾಡಲಿ, 40 ಮಾಡಲಿ, ಇತರರ ಪಾಠ ಕೆಡದು.

ಉಪಾಧ್ಯಾಯರು 'ವರ್ಷನ್ ಹಿಸ್ಟರಿ' ತೆರೆದು ಹಳೆಯ ಪಾಠವನ್ನು ಮರಳಿ ತಂದಿದ್ದಾರೆ. ಲಿಂಕಿನ ಅಧಿಕಾರವನ್ನು ಕಾಮೆಂಟರ್‌ಗೆ ಇಳಿಸಿದ್ದಾರೆ. ಆದರೆ ಚೀಟಿಯಲ್ಲಿ ಬರೆದುಕೊಂಡು ಹೋದ ಲೆಕ್ಕವನ್ನು ಯಾವ ಗುಂಡಿಯೂ ಮರಳಿ ತರಲಾರದು. ಆ ಪಾಠದಿಂದ ಲೆಕ್ಕ ಹಾಕಿದವರೆಲ್ಲರೂ ಭಾನುವಾರ ಸಂಜೆ ತಮ್ಮ ಚೀಟಿಗಳೊಡನೆ ತರಗತಿಗೆ ಬರಬೇಕೆಂದು ಕೋರುತ್ತೇವೆ. ಬರಲಾಗದವರ ಚೀಟಿಯನ್ನು ನೆರೆಯವರು ತಂದರೂ ಆದೀತು.