ಅರಿವಿನ ಅಂಗಳ: ಪಕ್ಕದ ಬೆಟ್ಟದ ಹಕ್ಕಿ ನಮ್ಮ ಹಕ್ಕಿಯೇ?



ಕಳೆದ ತಿಂಗಳು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾವು ಐದಾರು ಮಂದಿ ದೇವಾಲಯದ ಅಂಗಳದಲ್ಲಿ ಮಾತನಾಡುತ್ತಾ ನಿಂತಿದ್ದೆವು. ಮೇಲಿನ ಬೆಟ್ಟದಲ್ಲಿ ಹಳ್ಳದ ಬದಿಗೆ ಉಳಿದಿರುವ ಶೋಲಾ ಕಾಡಿನ ಒಂದು ತುಣುಕನ್ನು ಕಡಿದು ಜಾಗ ಹದ ಮಾಡುವ ಸುದ್ದಿ ಬಂತು. "ಅಲ್ಲಿ ಬೆಳಗಾದರೆ ಸಿಳ್ಳೆ ಹಾಕುವ ನೀಲಿ ಹಕ್ಕಿ ಇದೆಯಲ್ಲ, ಅದು ಎಲ್ಲಿಗೆ ಹೋಗಬೇಕು?" ಎಂದು ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಕೇಳಿದಳು. ಹಿರಿಯರೊಬ್ಬರು ನಕ್ಕು, "ಇಲ್ಲಿ ಇಲ್ಲದಿದ್ದರೆ ಮುನ್ನಾರಿನಲ್ಲಿ ಇರುತ್ತದೆ, ಕೊಡೈಕನಾಲಿನಲ್ಲಿ ಇರುತ್ತದೆ. ಹಕ್ಕಿಗೆ ಎಲ್ಲ ಬೆಟ್ಟವೂ ಒಂದೇ ಮಗಳೇ" ಎಂದರು.

ಅವರ ಮಾತಿನಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ನಾವೂ ಬಹಳ ದಿನ ಹಾಗೆಯೇ ತಿಳಿದಿದ್ದವರು. ಆದರೆ ಆ ಮಾತು ನಿಜವೇ? ಈ ತಿಂಗಳ ಅಂಗಳವನ್ನು ಆ ಹುಡುಗಿಯ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಎರಡು ಹಕ್ಕಿಗಳು ನೋಡಲು ಒಂದೇ ತರಹ ಇದ್ದಾಗ ಅವು ಎಷ್ಟು ಹತ್ತಿರದ ನೆಂಟರು ಎಂದು ತಿಳಿಯುವುದು ಹೇಗೆ? ನಮ್ಮ ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ನೆನೆಯಿರಿ. ಯಾವುದೋ ಕಾಲದಲ್ಲಿ ಬರೆದವರ ಕೈತಪ್ಪಿನಿಂದ ಮನೆತನದ ಹೆಸರಿನಲ್ಲಿ ಒಂದು ಅಕ್ಷರ ಬದಲಾಯಿತು ಎನ್ನೋಣ. ಮುಂದೆ ಮಕ್ಕಳ, ಮೊಮ್ಮಕ್ಕಳ ಹೆಸರಿನಲ್ಲೂ ಅದೇ ತಪ್ಪು ನಕಲಾಗುತ್ತಾ ಹೋಗುತ್ತದೆ. ನೂರು ವರ್ಷದ ನಂತರ ಆ ತಪ್ಪು ಅಕ್ಷರವನ್ನು ಹೊತ್ತವರೆಲ್ಲ ಒಂದೇ ಕವಲಿನವರು ಎಂದು ಹೇಳಬಹುದು. ಜೀವಿಗಳ ದೇಹದ ಒಂದೊಂದು ಕಣದಲ್ಲೂ ಇಂಥ ದಾಖಲೆ ಪುಸ್ತಕವಿದೆ. ಅದೇ ಡಿಎನ್‌ಎ. ಅದರಲ್ಲಿರುವ ಅಕ್ಷರಗಳು ನಾಲ್ಕೇ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಎರಡು ಗುಂಪುಗಳು ಬೇರೆಯಾಗಿ ಹೆಚ್ಚು ಕಾಲವಾದಷ್ಟೂ ಅವುಗಳ ನಡುವಿನ ವ್ಯತ್ಯಾಸ ಹೆಚ್ಚು. ಹೀಗೆ ಅಕ್ಷರ ಎಣಿಸಿ, ಯಾರು ಯಾರಿಂದ ಸುಮಾರು ಯಾವಾಗ ಅಗಲಿದರು ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ.

ಈಗ ನಮ್ಮ ಬೆಟ್ಟಗಳಿಗೆ ಬರೋಣ. ನೀಲಗಿರಿಗೂ ಅದರ ತೆಂಕಣದ ಆನೆಮಲೆಗೂ ನಡುವೆ ಪಾಲಕ್ಕಾಡಿನ ಕಣಿವೆ ಇದೆ. ಕೊಯಮತ್ತೂರಿನಿಂದ ಕೇರಳಕ್ಕೆ ರೈಲಿನಲ್ಲಿ ಹೋದವರು ಅದನ್ನು ದಾಟಿಯೇ ಹೋಗಿರುತ್ತಾರೆ. ಮೂವತ್ತು ನಲವತ್ತು ಕಿಲೋಮೀಟರ್ ಅಗಲದ ತಗ್ಗು ನೆಲ. ಇನ್ನೂ ತೆಂಕಣಕ್ಕೆ ಸೆಂಗೋಟೆಯ ಬಳಿ ಮತ್ತೊಂದು ಸಣ್ಣ ಕಣಿವೆ. ಎತ್ತರದ ತಂಪಿನಲ್ಲಿ, ಶೋಲಾದ ನೆರಳಿನಲ್ಲಿ, ನೆಲದ ಹತ್ತಿರವೇ ಓಡಾಡಿಕೊಂಡಿರುವ ಪುಟ್ಟ ಹಕ್ಕಿಗೆ ಆ ಬಿಸಿಲು ಬಯಲು ಸಮುದ್ರವಿದ್ದಂತೆ. ಅದಕ್ಕೇ ವಿಜ್ಞಾನಿಗಳು ನಮ್ಮ ಎತ್ತರದ ಬೆಟ್ಟಗಳನ್ನು ಆಕಾಶದ ದ್ವೀಪಗಳು ಎಂದು ಕರೆಯುತ್ತಾರೆ.

ವಿ. ವಿ. ರಾಬಿನ್ ಮತ್ತು ಅವರ ಸಂಗಡಿಗರು ಈ ಬೆಟ್ಟಗಳನ್ನು ವರ್ಷಗಟ್ಟಲೆ ಹತ್ತಿ ಇಳಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಕೂಡ ಈ ಕೆಲಸದಲ್ಲಿದ್ದರು. ತೆಳು ಬಲೆಯಲ್ಲಿ ಹಕ್ಕಿ ಹಿಡಿದು, ಒಂದು ತೊಟ್ಟು ರಕ್ತ ತೆಗೆದು, ಹಾಗೆಯೇ ಹಾರಲು ಬಿಡುವುದು. ಆ ರಕ್ತದ ಡಿಎನ್‌ಎ ಓದಿ ಅವರು 2017ರಲ್ಲಿ ಪ್ರಕಟಿಸಿದ ವಿಷಯ ಪಕ್ಷಿಪ್ರಿಯರನ್ನು ಬೆರಗುಗೊಳಿಸಿತು. ನಮ್ಮ ನೀಲಿ ಹಕ್ಕಿಯನ್ನು ಹಿಂದೆ ಬಹುಕಾಲ ಎಲ್ಲ ಬೆಟ್ಟಗಳಿಗೂ ಸೇರಿಸಿ ಒಂದೇ ಪ್ರಭೇದವೆಂದು ಪಟ್ಟಿ ಮಾಡಲಾಗಿತ್ತು. ಡಿಎನ್‌ಎ ನೋಡಿದರೆ ಅವು ಮೂರು. ನೀಲಗಿರಿ ಮತ್ತು ಅದರ ಬಡಗಣದ ಬೆಟ್ಟಗಳಲ್ಲಿ ಒಂದು, ಪಾಲಕ್ಕಾಡಿನ ಕಣಿವೆಯಾಚೆ ಆನೆಮಲೆ, ಪಳನಿ ಬೆಟ್ಟಗಳಲ್ಲಿ ಇನ್ನೊಂದು, ಸೆಂಗೋಟೆಯಾಚೆ ಮತ್ತೊಂದು. ಅವುಗಳಿಗೆ ಹತ್ತಿರದ ಬೇರೆ ನೆಂಟರಿಲ್ಲದ ಕಾರಣ ಹೊಸ ಕುಲವನ್ನೇ ಹೆಸರಿಸಬೇಕಾಯಿತು. ಊರಿನ ಮಾತಿನಿಂದಲೇ ಅದಕ್ಕೆ ಶೋಲಾಕಿಳಿ ಎಂಬ ಹೆಸರು ಬಂತು. ಮಲಯಾಳದಲ್ಲಿ ಕಿಳಿ ಎಂದರೆ ಹಕ್ಕಿ.

ನಗುವಂತೆ ಕೂಗುವ ಚಿಲಪ್ಪನ್ ಹಕ್ಕಿಯ ಕಥೆಯೂ ಇದೇ. ಅದರಲ್ಲಿ ನಾಲ್ಕು ಪ್ರಭೇದಗಳು ಸಿಕ್ಕವು. ಅವುಗಳಲ್ಲಿ ಒಂದು ವಯನಾಡಿನ ಬಾಣಾಸುರ ಬೆಟ್ಟ ಮತ್ತು ಕೊಡಗಿನ ಅಂಚಿನ ಬ್ರಹ್ಮಗಿರಿಯ ಸುತ್ತಲಿನ ಕೆಲವೇ ಶಿಖರಗಳಲ್ಲಿದೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ವಯನಾಡಿನ ನಮ್ಮ ಓದುಗರ ತಲೆಯ ಮೇಲೆಯೇ, ಮೋಡದೊಳಗೆ ಕುಳಿತು ಅದು ನಗುತ್ತಿದೆ!

ಕಣಿವೆಯ ಆಚೀಚೆ ಅಗಲಿದ ಈ ಹಕ್ಕಿಗಳು ಹತ್ತಾರು ಲಕ್ಷ ವರ್ಷಗಳಿಂದ ಬೇರೆ ಬೇರೆಯಾಗಿಯೇ ಬದುಕಿ ಬಂದಿವೆ. ಒಂದೇ ತಾಯಿಬೇರಿನಿಂದ ನಿಧಾನವಾಗಿ ಹಲವು ಬಗೆಗಳಾದವು. ಇದನ್ನೇ ಜೀವವಿಕಾಸ ಎನ್ನುವುದು. ಈ ಪದ ಕೇಳಿದರೆ ನಮ್ಮಲ್ಲಿ ಕೆಲವರಿಗೆ ಈಗಲೂ ಇರುಸುಮುರುಸು. ವಿಕಾಸವಾದವು ಬರಿಯ ಊಹೆಗಿಂತ ಮಿಗಿಲಾದದ್ದು ಎಂದು 1996ರಲ್ಲಿ ಎರಡನೇ ಜಾನ್ ಪೌಲ್ ಪೋಪರೇ ವಿಜ್ಞಾನಿಗಳಿಗೆ ಬರೆದ ಸಂದೇಶದಲ್ಲಿ ತಿಳಿಸಿದ್ದಾರೆ. ಹಾಗಾಗಿ ಮಕ್ಕಳು ಶಾಲೆಯಲ್ಲಿ ಕಲಿತು ಬಂದದ್ದನ್ನು ಮನೆಯಲ್ಲಿ ಅಲ್ಲಗಳೆಯುವ ಅವಶ್ಯಕತೆ ಇಲ್ಲ.

ಇದು ಪ್ರಕೃತಿ ಮಾಡಿದ ಅಗಲಿಕೆ. ಇನ್ನೊಂದು ನಾವು ಮಾಡಿದ ಅಗಲಿಕೆ. ಕಳೆದ ಎರಡು ಶತಮಾನಗಳಲ್ಲಿ ಬೆಟ್ಟಗಳಿಗೆ ಚಹಾ ಬಂತು, ನೀಲಗಿರಿ ಮರ ಬಂತು, ವಾಟಲ್ ಬಂತು, ಊರು ರಸ್ತೆಗಳು ಬಂದವು. ನಮ್ಮ ಹಿರಿಯರ ಅನ್ನವೂ ಅದರಿಂದಲೇ ಬಂದದ್ದು. ಅದನ್ನು ಮರೆತು ಮಾತನಾಡುವುದು ಸರಿಯಲ್ಲ. ಆದರೆ ಶೋಲಾಗಳು ಚೂರುಚೂರಾದವು. ರಾಬಿನ್ ಅವರ ತಂಡ ಇದನ್ನೂ ಪರೀಕ್ಷಿಸಿತು. ಹೀಗೆ ಇತ್ತೀಚೆಗೆ ತುಂಡಾದ ಕಾಡುಗಳಲ್ಲೂ ಹಕ್ಕಿಗಳ ಡಿಎನ್‌ಎಯಲ್ಲಿ ಅಗಲಿಕೆಯ ಗುರುತು ಮೂಡಿರುವುದು ಕಂಡುಬಂತು. ತುಣುಕಿನಿಂದ ತುಣುಕಿಗೆ ಹಾಡಿನಲ್ಲೂ ವ್ಯತ್ಯಾಸ ಬಂದಿತ್ತು.

ಅಗಲಿದರೆ ಹೊಸ ಬಗೆ ಹುಟ್ಟುತ್ತದಲ್ಲ, ಒಳ್ಳೆಯದೇ ಆಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ದೊಡ್ಡ ಕಾಡಿನಲ್ಲಿ ಸಾವಿರಾರು ಹಕ್ಕಿಗಳು ಲಕ್ಷಾಂತರ ವರ್ಷ ಬಾಳುವುದು ಬೇರೆ, ಅಂಗೈಯಗಲದ ಕಾಡಿನಲ್ಲಿ ಹತ್ತಿಪ್ಪತ್ತು ಜೋಡಿ ಸಿಕ್ಕಿಬೀಳುವುದು ಬೇರೆ. ಏಕೆಂದು ತಿಳಿಯಲು ನಮ್ಮವರೇ ಆದ ಒಬ್ಬ ಸನ್ಯಾಸಿಯ ತೋಟಕ್ಕೆ ಹೋಗಬೇಕು.

ಗ್ರೆಗೊರ್ ಮೆಂಡೆಲ್ ಬಡ ರೈತರ ಮಗ. 1843ರಲ್ಲಿ ಇಂದಿನ ಚೆಕ್ ದೇಶದ ಬ್ರನೋ ನಗರದ ಅಗಸ್ಟೀನಿಯನ್ ಮಠವನ್ನು ಸೇರಿದರು. ಶಿಕ್ಷಕರ ಪರೀಕ್ಷೆಯಲ್ಲಿ ನಪಾಸಾದವರು. 1856ರಿಂದ ಎಂಟು ವರ್ಷ ಮಠದ ತೋಟದಲ್ಲಿ ಬಟಾಣಿ ಬೆಳೆದು ಲೆಕ್ಕ ಬರೆದರು. ಹಳದಿ ಕಾಳಿನ ಗಿಡವನ್ನು ಹಸಿರು ಕಾಳಿನ ಗಿಡದೊಂದಿಗೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಹಳದಿ. ಹಸಿರು ಎಲ್ಲಿ ಹೋಯಿತು? ಆ ಪೀಳಿಗೆಯಿಂದ ಮುಂದಿನ ಪೀಳಿಗೆ ತೆಗೆದಾಗ 6,022 ಹಳದಿ, 2,001 ಹಸಿರು ಕಾಳುಗಳು ಬಂದವು. ಹಸಿರು ಅಳಿದಿರಲಿಲ್ಲ, ಅಡಗಿ ಕುಳಿತಿತ್ತು. ತಂದೆ ತಾಯಿ ಇಬ್ಬರಿಂದಲೂ ಹಸಿರಿನ ಗುಣ ಬಂದರೆ ಮಾತ್ರ ಅದು ಹೊರಗೆ ಕಾಣುತ್ತದೆ. 1866ರಲ್ಲಿ ಇದು ಅಚ್ಚಾದರೂ ಹೆಚ್ಚಿನವರು ಗಮನಿಸಲಿಲ್ಲ. ಮುಂದೆ ಮಠಾಧಿಪತಿಯಾದ ಮೆಂಡೆಲ್ 1884ರಲ್ಲಿ ತೀರಿಕೊಂಡರು. ಅವರ ಕೆಲಸದ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ.

ಅಡಗಿ ಕುಳಿತ ಗುಣ ಎಲ್ಲ ಜೀವಿಗಳಲ್ಲೂ ಉಂಟು. ಅವುಗಳಲ್ಲಿ ಕೆಲವು ರೋಗದ ಗುಣಗಳು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಒಂದೇ ಅಡಗಿದ ಗುಣ ಎರಡು ಕಡೆಯಿಂದಲೂ ಬಂದು ಸೇರುವ ಸಾಧ್ಯತೆ ಹೆಚ್ಚು. ಅತ್ತೆಯ ಮಗಳು, ಸೋದರಮಾವನ ಮಗ ಎಂದು ಸಂಬಂಧ ಬೆಳೆಸುವ ವಾಡಿಕೆ ನಮ್ಮ ಸೀಮೆಯಲ್ಲಿ ಹಳೆಯದು. ಆದರೆ ಧರ್ಮಸಭೆಯ ಕಾನೂನಿನಲ್ಲಿ ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಗೆ ವಿಶೇಷ ಅನುಮತಿ ಬೇಕು. ಆ ನಿಯಮಕ್ಕೆ ಬೇರೆ ಕಾರಣಗಳೂ ಇವೆ, ಆದರೂ ಡಾಕ್ಟರರು ಹೇಳುವುದೂ ಅದನ್ನೇ. ನಾವಾದರೆ ಬೇರೆ ಊರಿನಲ್ಲಿ ಸಂಬಂಧ ಹುಡುಕಬಹುದು. ತುಣುಕು ಕಾಡಿನಲ್ಲಿ ಸಿಕ್ಕಿಬಿದ್ದ ಪ್ರಾಣಿ ಎಲ್ಲಿ ಹುಡುಕಬೇಕು?

ಒಡಿಶಾದ ಸಿಮಿಲಿಪಾಲ್ ಕಾಡಿನಲ್ಲಿ ಕಪ್ಪು ಹುಲಿಗಳಿವೆ. ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು ಮೈಯೆಲ್ಲ ಕಪ್ಪಾಗಿ ಕಾಣುತ್ತದೆ. ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಗುಟ್ಟು ಬಿಡಿಸಿತು. ಒಂದು ಜೀನಿನಲ್ಲಿ ಒಂದೇ ಅಕ್ಷರದ ಬದಲಾವಣೆ. ಮೆಂಡೆಲರ ಹಸಿರು ಬಟಾಣಿಯ ಹಾಗೆಯೇ, ಎರಡೂ ಕಡೆಯಿಂದ ಬಂದರೆ ಮಾತ್ರ ಮೈ ಕಪ್ಪು. ಬೇರೆ ಕಾಡುಗಳ ಹುಲಿಗಳಲ್ಲಿ ಆ ಬದಲಾವಣೆ ಸಿಗಲಿಲ್ಲ, ಇಲ್ಲಿ ಮಾತ್ರ ಹೇರಳ. ಕಾರಣ, ಸಿಮಿಲಿಪಾಲದ ಹುಲಿಗಳು ಕೆಲವೇ ಹಿರಿಯ ಹುಲಿಗಳ ಸಂತತಿ, ಹೊರಗಿನ ಹುಲಿಗಳೊಂದಿಗೆ ಬೆರೆಯಲು ದಾರಿಯಿಲ್ಲ. ಕಪ್ಪು ಬಣ್ಣವೇನೋ ರೋಗವಲ್ಲ. ಆದರೆ ಬಣ್ಣ ಬಂದ ದಾರಿಯಲ್ಲೇ ರೋಗವೂ ಬರಬಹುದು. ಅದಕ್ಕಾಗಿಯೇ 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ಅಲ್ಲಿಗೆ ಒಯ್ದರು. ಜೀನತ್ ಹೊಸ ಮನೆ ಒಪ್ಪದೆ ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳದವರೆಗೆ ನಡೆದಳು. ಅವಳನ್ನು ಹಿಡಿದು ತರಲು ಪಟ್ಟ ಪಾಡು ಅಷ್ಟಿಷ್ಟಲ್ಲ. ದಾರಿ ಮುಚ್ಚಿಹೋದ ಮೇಲೆ ಹುಲಿಯನ್ನು ಲಾರಿಯಲ್ಲಿ ಸಾಗಿಸಬೇಕಾಗುತ್ತದೆ. ದಾರಿ ಉಳಿಸಿದ್ದರೆ ಅದು ತಾನೇ ನಡೆದು ಹೋಗುತ್ತಿತ್ತು.

ನಮ್ಮ ಆನೆಗಳ ಮಾತೂ ಅಷ್ಟೇ. ಕಾಡಿನಲ್ಲಿ ಆರಿಸಿದ ಲದ್ದಿಯಿಂದ ಡಿಎನ್‌ಎ ತೆಗೆದು ಓದಿದಾಗ, ಪಾಲಕ್ಕಾಡಿನ ಕಣಿವೆ ಆನೆಗಳನ್ನೂ ಬೇರ್ಪಡಿಸಿದೆ ಎಂದು 2005ರಲ್ಲೇ ತಿಳಿದಿತ್ತು. 2024ರಲ್ಲಿ ಇಡೀ ಜೀನೋಮ್ ಓದಿದ ಅಧ್ಯಯನವು ದೇಶದ ಆನೆಗಳಲ್ಲಿ ಐದು ಗುಂಪುಗಳನ್ನು ಗುರುತಿಸಿತು. ಅವುಗಳಲ್ಲಿ ಮೂರು ನಮ್ಮ ಪಶ್ಚಿಮ ಘಟ್ಟದಲ್ಲೇ ಇವೆ, ಎರಡು ಕಣಿವೆಗಳು ಬೇರ್ಪಡಿಸಿದ ಮೂರು ಗುಂಪು. ನೀಲಗಿರಿಯ ಸೀಗೂರಿನ ಆನೆದಾರಿಯನ್ನು 2020ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ ನಮ್ಮಲ್ಲಿ ಹಲವರಿಗೆ ಬೇಸರವಾಯಿತು. ಆನೆಯಿಂದ ಬಾಳೆ ತೋಟ ಕಳೆದುಕೊಂಡವರು, ಮನೆಯವರನ್ನೇ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಅವರ ನೋವಿಗೆ ಡಿಎನ್‌ಎಯ ಪಾಠ ಉತ್ತರವಲ್ಲ. ಪರಿಹಾರ ತಕ್ಷಣ ಸಿಗಬೇಕು, ಕಾವಲು ಇರಬೇಕು. ಆದರೆ ದಾರಿ ಮುಚ್ಚಿದರೆ ಆನೆ ಮಾಯವಾಗುವುದಿಲ್ಲ, ಊರೊಳಗೆ ಬರುತ್ತದೆ. ಒಂದು ಹಿಂಡು ಮತ್ತೊಂದರೊಡನೆ ಬೆರೆಯುವುದೂ ನಿಲ್ಲುತ್ತದೆ. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ಪತ್ರದಲ್ಲಿ, ರಸ್ತೆ, ಬೇಲಿ, ಹೊಸ ತೋಟಗಳು ಪ್ರಾಣಿಗಳ ನೆಲೆಯನ್ನು ತುಂಡರಿಸುವುದನ್ನು ಹೆಸರಿಸಿ, ಇಂಥ ದಾರಿಗಳನ್ನು ಉಳಿಸುವ ಬಗ್ಗೆಯೂ ಬರೆದಿದ್ದಾರೆ.

ಈಗ ಅಂಗಳದ ಆ ಮಾತಿಗೆ ಮರಳೋಣ. ಮುನ್ನಾರಿನಲ್ಲಿ ಇರುವುದು ನಮ್ಮ ಹಕ್ಕಿಯಲ್ಲ. ಅದು ಕಣಿವೆಯಾಚೆಯ ದೂರದ ನೆಂಟ. ನಮ್ಮದು ಇಲ್ಲಿ ಅಳಿದರೆ ಅದರ ಜಾಗಕ್ಕೆ ಅಲ್ಲಿಂದ ಬರುವವರು ಯಾರೂ ಇಲ್ಲ. ಇನ್ನು ಹಳ್ಳದ ಬದಿಯ ಆ ತುಣುಕು ಸಣ್ಣದಿರಬಹುದು. ಆದರೆ ಮೇಲಿನ ಶೋಲಾಕ್ಕೂ ಕೆಳಗಿನ ಶೋಲಾಕ್ಕೂ ನಡುವೆ ಹಕ್ಕಿ ದಾಟುವ ಮೆಟ್ಟಿಲು ಅದೇ ಆಗಿರಬಹುದು. ಹಳ್ಳದ ಬದಿಯ ಸ್ವಂತ ಕಾಡುಮರಗಳನ್ನು ಹಾಗೇ ಬಿಡುವುದು, ಬೇಸಿಗೆಯಲ್ಲಿ ಅಂಚಿಗೆ ಬೆಂಕಿ ಹಾಕದಿರುವುದು, ಬಿದ್ದ ಮರದ ಜಾಗದಲ್ಲಿ ವಾಟಲ್ ಬದಲು ಊರಿನದೇ ಗಿಡ ನೆಡುವುದು, ಇವು ನಮ್ಮ ಕುಟುಂಬಗಳ ಕೈಯಳತೆಯ ಕೆಲಸಗಳು.

ಕಳೆದ ಭಾನುವಾರ ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ತೋಟದವರ ಹತ್ತಿರ ನಾನೊಮ್ಮೆ ಮಾತನಾಡಿ ನೋಡುತ್ತೇನೆ" ಎಂದರು. ಏನಾಯಿತೆಂದು ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇವೆ. ಅಷ್ಟರಲ್ಲಿ ನಿಮ್ಮ ಮನೆಯ ಹತ್ತಿರದ ಕಾಡಿನಲ್ಲಿ ಬೆಳಗಿನ ಜಾವ ಯಾವ ಹಕ್ಕಿ ಕೂಗುತ್ತದೆ ಎಂದು ಮಕ್ಕಳೊಂದಿಗೆ ಕಿವಿಗೊಟ್ಟು ಕೇಳಿ, ನಮಗೂ ಬರೆದು ತಿಳಿಸಿ.