ಬಿಳುಪಿನ ಹುಚ್ಚು

ಶುಕ್ರವಾರದ ಮ್ಹಾಪಸಾ ಸಂತೆಯಲ್ಲಿ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳನ್ನು ಗುರುತಿಸುವುದು ಕಷ್ಟವಲ್ಲ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಹಣೆಗೆ ಕಾಸಗಲ ಕುಂಕುಮ. ಇದಕ್ಕಿಂತ ಅಚ್ಚುಕಟ್ಟು ಬೇಕೆ? ಕರಾವಳಿಯ ಬೆವರಿಗೂ ಹತ್ತಿಯೊಡಲಿನ ಸೀರೆಯೇ ಸರಿ.

ಶಾಲೆಗೆ ಬರುವ ಅವರ ಹುಡುಗಿಯರಿಗೆ ಮಾತ್ರ ಬೆಳ್ಳಗಾಗುವ ಹಂಬಲ! 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಪದವನ್ನು 2020ರಲ್ಲೇ ಕಿತ್ತುಹಾಕಿತು, ನಮ್ಮ ತಲೆಯಿಂದ ಅದು ಹೋಗಿಲ್ಲ ನೋಡಿ. ನನಗೆ ಹೆಚ್ಚು ಭಯ ಸ್ಟೀರಾಯ್ಡ್ ಬೆರೆತ ಮುಲಾಮುಗಳದ್ದು. ಇಂಥ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿತು. ಮೊದಲು ಮುಖ ಬಿಳುಪೇರುತ್ತದೆ, ನಿಜ. ಆಮೇಲೆ ಚರ್ಮ ತೆಳುವಾಗಿ ಮೊಡವೆ, ಕೆಂಪು, ಬಿಸಿಲು ತಾಗಿದರೆ ಉರಿ..

ತಾಯಂದಿರೇ, ಆ ದುಡ್ಡಿಗೆ ಮಗಳಿಗೊಂದು ಕೊಡೆ ಕೊಡಿಸಿ. ಈಗಾಗಲೇ ಹಚ್ಚುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡಿ, ಇನ್ನಷ್ಟು ಕೆರಳೀತು. ಟ್ಯೂಬಿನ ಸಮೇತ ಚರ್ಮದ ವೈದ್ಯರಿಗೆ ತೋರಿಸಿ.