ಆಫ್ ಆಗಿರುವ ಪಟ್ಟಿ



ಯುಗಾದಿ ಊಟದ ಪಂಕ್ತಿಯಲ್ಲಿ ಮೂವರು ನನ್ನನ್ನು "ಯಾವ ಫೋನ್ ಕೊಳ್ಳೋದು?" ಎಂದು ಕೇಳಿದರು. (ಸಾಫ್ಟ್‌ವೇರಿನವನಿಗೆ ಫೋನಿನ ರೇಟೂ ಗೊತ್ತಿರಬೇಕೆಂಬುದು ನಮ್ಮವರ ನಂಬಿಕೆ!) ಹೋಳಿಗೆ ಮುಂದಿಟ್ಟುಕೊಂಡು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲಿಥುವೇನಿಯ ಸುಮಾರು 28 ಲಕ್ಷ ಜನರ ಪುಟ್ಟ ದೇಶ. 2021ರ ಸೆಪ್ಟೆಂಬರಿನಲ್ಲಿ ಅದರ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ ಮೂರು ಚೀನೀ 5ಜಿ ಫೋನುಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಶಿಯೋಮಿ ಫೋನಿನ ಕೆಲವು ಸಿಸ್ಟಮ್ ಆ್ಯಪ್‌ಗಳು ಸರ್ವರಿನಿಂದ ಆಗಾಗ ಒಂದು ಫೈಲ್ ಇಳಿಸಿಕೊಳ್ಳುತ್ತಿದ್ದವು. ಅದರಲ್ಲಿ ಆಗ 449 ಪದಗಳು. ಟಿಬೆಟ್ ಸ್ವಾತಂತ್ರ್ಯ, ತೈವಾನ್ ಸ್ವಾತಂತ್ರ್ಯಕ್ಕೆ ಜಯ, ಪ್ರಜಾಪ್ರಭುತ್ವ ಚಳವಳಿ, ಇಂಥವು. ಯುರೋಪಿನಲ್ಲಿ ಈ ತಡೆ ಆಫ್ ಆಗಿದೆ, ಆದರೆ ದೂರದಿಂದಲೇ ಆನ್ ಮಾಡಬಹುದು ಎಂದಿತು ವರದಿ. ಬಳಕೆದಾರರ ಸಂಪರ್ಕವನ್ನು ತಾನು ಸೆನ್ಸಾರ್ ಮಾಡುವುದಿಲ್ಲ ಎಂದು ಕಂಪನಿ ಹೇಳಿತು. ನಾವಿರುವ ಜರ್ಮನಿಯ ಮಾಹಿತಿ ಭದ್ರತಾ ಕಚೇರಿಯೂ ಪರೀಕ್ಷಿಸಿ, ಕ್ರಮ ಬೇಕಾಗುವಂಥದ್ದೇನೂ ಕಾಣಲಿಲ್ಲವೆಂದು 2022ರ ಜನವರಿಯಲ್ಲಿ ತಿಳಿಸಿತು.

ಹಾಗಾದರೆ ಲಿಥುವೇನಿಯ ಸುಮ್ಮನೆ ಗುಲ್ಲೆಬ್ಬಿಸಿತೇ? ತೈವಾನ್ ಕಚೇರಿಯ ವಿಷಯದಲ್ಲಿ ಆ ವರ್ಷ ಚೀನಾದೊಡನೆ ಅದಕ್ಕೆ ಜಗಳವಿದ್ದದ್ದು ನಿಜ. ಆದರೂ ನಾನು ಅವರ ಪರವೇ. ಆ ಫೈಲಿನ ಹೆಸರಿನಲ್ಲಿ 'ಆ್ಯಡ್' ಎಂದಿತ್ತು. ಜಾಹೀರಾತು ಸೋಸಲಿಕ್ಕೇ ಇದ್ದಿರಬಹುದು, ಒಪ್ಪೋಣ. ಆದರೆ ಪ್ರೋಗ್ರಾಂ ಬರೆಯುವವರಿಗೆಲ್ಲ ಗೊತ್ತು, ಆಫ್ ಮಾಡಿಟ್ಟ ಫೀಚರ್ ಎಂದರೆ ಇಲ್ಲದ ಫೀಚರ್ ಅಲ್ಲ. ಪಟ್ಟಿ ಸರ್ವರಿನಲ್ಲಿದ್ದರೆ 450ನೆಯ ಪದ ಯಾವುದೆಂದು ತೀರ್ಮಾನಿಸುವವರು ದುಡ್ಡು ಕೊಟ್ಟು ಫೋನ್ ಕೊಂಡವರಲ್ಲ. ಅದು ಲಿಥುವೇನಿಯನ್ ಪದವಾಗಬಹುದು, ಕನ್ನಡದ್ದೂ ಆಗಬಹುದು.

1991ರ ಜನವರಿ 13ರ ರಾತ್ರಿ ಸೋವಿಯತ್ ಸೇನೆ ವಿಲ್ನಿಯಸ್ ನಗರದ ಟಿವಿ ಗೋಪುರಕ್ಕೆ ಟ್ಯಾಂಕ್ ತಂದಾಗ ಜನ ಬರಿಗೈಲಿ ಅಡ್ಡ ನಿಂತರು. ಆ ದಿನಗಳಲ್ಲಿ 14 ಮಂದಿ ಪ್ರಾಣ ಕಳೆದುಕೊಂಡರು. ಸುದ್ದಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅವರಿಗೆ ಪುಸ್ತಕದ್ದಲ್ಲ.

ಚೀನೀ ಫೋನ್ ಕೊಳ್ಳಬೇಡಿ, ಕೊಂಡಿದ್ದರೆ ಬೇಗ ಬಿಡಿ ಎಂದರು ಅಲ್ಲಿನ ರಕ್ಷಣಾ ಉಪಮಂತ್ರಿ. ನಾನು ಅಷ್ಟು ದೂರ ಹೋಗಲಾರೆ. ಮೈಸೂರಿನಲ್ಲಿ ಅಮ್ಮನ ಕೈಲಿರುವುದೂ ಚೀನೀ ಫೋನೇ, ಕೊಡಿಸಿದವನು ನಾನೇ. ಆದರೆ ಚೀನಾದ್ದಿರಲಿ, ಅಮೆರಿಕದ್ದಿರಲಿ, ಮಾರುವ ಫೋನನ್ನೆಲ್ಲ ಸರ್ಕಾರಗಳು ಹೀಗೆ ಪರೀಕ್ಷಿಸಿ, ಕಂಡದ್ದನ್ನು ಪೂರ್ತಿ ಪ್ರಕಟಿಸಬೇಕು. 28 ಲಕ್ಷ ಜನರ ದೇಶಕ್ಕೆ ಆದದ್ದು ದೊಡ್ಡವರಿಗೆ ಯಾಕಾಗದು?

ಆ ಮೂವರಿಗೆ: ಯಾವುದನ್ನೇ ಕೊಳ್ಳಿ, ಫೋನಿನ ಜೊತೆ ಬಂದ ಬ್ರೌಸರ್ ಬಿಟ್ಟು ಬೇರೆಯದು ಹಾಕಿಕೊಳ್ಳಿ. ಮುಂದಿನ ಭೇಟಿಗೆ ಫೋನ್ ತನ್ನಿ, ಅಷ್ಟನ್ನು ನಾನೇ ಮಾಡಿಕೊಡುತ್ತೇನೆ.